ಯಾವ ಪೆಟ್ಟಿಗೆ, ಎಷ್ಟು ಬಿಸಿ

ಶೈಲಕ್ಕಾ,

ನಿಮಗೆ ಪತ್ರ ಬರೆದು ನನಗೆ ಅಭ್ಯಾಸವಿಲ್ಲ. ಬೆನ್ನಿಗೆ ಬೆನ್ನು ಮಾಡಿ ಕೂತು ಕೆಲಸ ಮಾಡಿದವರು ನಾವು, ಏನಾದರೂ ಹೇಳಬೇಕಾದರೆ ಕುರ್ಚಿ ತಿರುಗಿಸಿದರೆ ಸಾಕಿತ್ತು. ಈಗ ನಿಮ್ಮ ಕುರ್ಚಿಯ ಮೇಲೆ ಪ್ರಿಂಟರ್ ಕಾಗದದ ಬಂಡಲ್ ಇಟ್ಟಿದ್ದಾರೆ. ಮಗು ಈಗಷ್ಟೇ ಹಾಲು ಕುಡಿದು ಮಲಗಿದೆ. ನನಗೆ ನಿದ್ದೆ ಹತ್ತುವುದಿಲ್ಲ. ಹೆರಿಗೆಯಾದ ಮೇಲೆ ಹತ್ತಿದ್ದೇ ಕಡಿಮೆ, ಈ ಎರಡು ವಾರದಿಂದಂತೂ... ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ನಿಮಗೂ ಇಷ್ಟವಾಗುತ್ತಿರಲಿಲ್ಲ. ನಿಮ್ಮ ಕೊನೆಯ ಕೆಲಸದಲ್ಲಿ ತಪ್ಪಿತ್ತು ಶೈಲಕ್ಕಾ. ಆ ತಪ್ಪಿನಿಂದ ಎಷ್ಟೋ ಮಕ್ಕಳಿಗೆ ಕೆಟ್ಟುಹೋದ ಲಸಿಕೆ ಹೋಗಿರಬಹುದು. ಆ ಮಕ್ಕಳಲ್ಲಿ ನನ್ನ ಮಗುವೂ ಒಂದು.

ನಾನು ಕೆಲಸಕ್ಕೆ ಸೇರಿದ ವಾರ ನೀವು ಪಾಠ ಹೇಳಿಕೊಟ್ಟದ್ದು ದೊಡ್ಡನೆಕ್ಕುಂದಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ, ನೆನಪಿದೆಯಾ? ಎಂಟು ಜನ ಕೂತಿದ್ದೆವು. ಮಂಜಣ್ಣ ಆರ್ಡರ್ ಕೇಳಲು ಬಂದ. ನೀವು ನನ್ನ ಕಡೆ ತಿರುಗಿ, “ನೋಡು ತಂಗಿ, ಪ್ರಕಾಶ್‌ಗೆ ಕಾಫಿ, ನನಗೆ ಕಾಫಿ, ನಿನಗೆ ಟೀ, ಆ ಮೂಲೆಯವನಿಗೆ ಕಾಫಿ ಅಂತ ಒಬ್ಬೊಬ್ಬರದೇ ಹೇಳ್ಕೋತ ಕೂತ್ರೆ ಮಂಜಣ್ಣ ಎದ್ದು ಹೋಗ್ತಾನೆ. ‘ಐದು ಕಾಫಿ, ಮೂರು ಟೀ’ ಅಂದ್ರೆ ಮುಗೀತು. ಯಾರು ಮೊದಲು ಕೇಳಿದ್ರು, ಯಾರು ಆಮೇಲೆ ಕೇಳಿದ್ರು ಅನ್ನೋದು ಅವನಿಗ್ಯಾಕೆ ಬೇಕು? ಬೇಡದ್ದನ್ನ ಹೊತ್ಕೊಂಡು ಹೋಗಬಾರದು” ಅಂದಿರಿ. ಮಂಜಣ್ಣ, “ಮೇಡಂ, ನಂಗೂ ಕಂಪ್ಯೂಟರ್ ಹೇಳ್ಕೊಡ್ತಾ ಇದೀರ?” ಅಂದ. ಕ್ರಮ ಬೇಡವಾದ ಕಡೆ ಕ್ರಮವನ್ನು ಬಿಟ್ಟುಬಿಟ್ಟರೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನು ಕಾಲೇಜಿನಲ್ಲಿ ಲೆಕ್ಕ ಬಿಡಿಸಿ ಪಾಸಾಗಿದ್ದೆ. ಅರ್ಥವಾದದ್ದು ಅವತ್ತು.

ನಮ್ಮ ಕೆಲಸವೂ ಅಷ್ಟೇ ಇತ್ತಲ್ಲ. ಗುರುವಾರ ಚುಚ್ಚುಮದ್ದಿನ ದಿನ. ಆರೋಗ್ಯ ಕೇಂದ್ರದಿಂದ ಲಸಿಕೆಯ ಐಸ್ ಪೆಟ್ಟಿಗೆಗಳು ಬೆಳಿಗ್ಗೆ ಒಂದೊಂದು ಅಂಗನವಾಡಿಗೆ ಹೋಗುತ್ತವೆ, ಸಂಜೆ ವಾಪಸ್ ಬರುತ್ತವೆ. ಒಂದೊಂದು ಪೆಟ್ಟಿಗೆಗೂ ನಮ್ಮ ಟ್ಯಾಗ್, ಟ್ಯಾಗಿಗೊಂದು ಉದ್ದನೆಯ ಸಂಖ್ಯೆ. ಆ ದಿನ ಪೆಟ್ಟಿಗೆ ಎಷ್ಟು ಬಿಸಿಯಾಗಿತ್ತು ಅನ್ನುವುದನ್ನು ಟ್ಯಾಗ್ ನೆನಪಿಟ್ಟುಕೊಂಡಿರುತ್ತದೆ. ಕೇಂದ್ರದಲ್ಲಿಟ್ಟ ನಮ್ಮ ಯಂತ್ರ ಎಲ್ಲವನ್ನೂ ಓದಿ ಒಂದು ಎಸ್ಸೆಮ್ಮೆಸ್ ಮಾಡಿ ನಮಗೆ ಕಳಿಸಬೇಕು. ನಮ್ಮಿಂದ ಉತ್ತರ ಹೋಗಬೇಕು: ಈ ಪೆಟ್ಟಿಗೆ ತಣ್ಣಗಿತ್ತು, ಉಳಿದ ಸೀಸೆಗಳನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟು ಮುಂದಿನ ಗುರುವಾರ ಬಳಸಿ, ಆ ಪೆಟ್ಟಿಗೆ ಬಿಸಿಯಾಗಿದೆ, ಎಸೆಯಿರಿ. ಯಾವ ಪೆಟ್ಟಿಗೆ ಮೊದಲು ವಾಪಸ್ ಬಂತು ಅನ್ನುವುದು ಯಾರಿಗೂ ಬೇಡ. ಹಾಗಾಗಿ ಟ್ಯಾಗ್ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಒಂದಕ್ಕೂ ಮುಂದಿನದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟನ್ನು ಮಾತ್ರ ಕಳಿಸುವುದು ನಿಮ್ಮ ಉಪಾಯ. ಉದ್ದನೆಯ ಸಂಖ್ಯೆಗಳೆಲ್ಲ ಪುಟ್ಟ ಪುಟ್ಟ ಅಂಕಿಗಳಾಗಿಬಿಟ್ಟವು. ಪ್ರತಿ ಟ್ಯಾಗಿನ ಬಿಸಿ ಅದರ ಪಕ್ಕದಲ್ಲೇ ಹೋಗುತ್ತಿತ್ತು. ಚೆನ್ನಾಗಿತ್ತು, ಸರಿಯಾಗಿಯೂ ಇತ್ತು.

ನೀವು ಆಸ್ಪತ್ರೆಯಿಂದ ಫೋನ್ ಮಾಡಿದ ಆ ಮಧ್ಯಾಹ್ನ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಮಾವಿನಕಾಯಿ ತಿನ್ನುತ್ತಿದ್ದೆ. ದೊಡ್ಡ ಕೇಂದ್ರಗಳಲ್ಲಿ ಪೆಟ್ಟಿಗೆಗಳು ಹೆಚ್ಚಾಗಿ ಮೆಸೇಜು ಎರಡಾಗಿ ಒಡೆಯುತ್ತಿತ್ತು. ಎರಡನೆಯದು ಎಷ್ಟೋ ಸಲ ಮರುದಿನ ಬರುತ್ತಿತ್ತು, ಸಿಸ್ಟರ್‌ಗಳು ಉತ್ತರಕ್ಕೆ ಕಾದು ಕಾದು ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಅದು ನಿಮ್ಮನ್ನು ಕೊರೆಯುತ್ತಿತ್ತು. ಕೈಗೆ ಸಲೈನ್ ಚುಚ್ಚಿಕೊಂಡೇ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಿರಿ. “ಹಿಡೀತು ಕಣೇ ತಂಗಿ, ಒಂದೇ ಮೆಸೇಜಿಗೆ ಹಿಡೀತು. ಬಿಸಿ ಅಂಕಿಗಳನ್ನೂ ಟ್ಯಾಗ್ ಥರಾನೇ ಬೇರೆ ಸಾಲು ಮಾಡಿ, ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡಿಸಿಬಿಟ್ಟೆ” ಅಂದಿರಿ. ಎಷ್ಟು ದಿನದ ಮೇಲೆ ನಿಮ್ಮ ಗಂಟಲಲ್ಲಿ ನಗು ಕೇಳಿದ್ದೆ ನಾನು. ಆ ನಗು ಕೇಳುತ್ತಾ ಕೇಳುತ್ತಾ, ನೀವು ಹೇಳಿದ ಮಾತೇನು ಅಂತ...

ಅದನ್ನು ಪರೀಕ್ಷೆ ಮಾಡಿದ ದಿನ ಕಣ್ಣಿಗೆ ಕಟ್ಟಿದಂತಿದೆ. ಎರಡು ದಿನದ ಮಟ್ಟಿಗೆ ಮನೆಗೆ ಬಿಟ್ಟಿದ್ದಾರೆಂದು ನೀವು ನೇರ ಆಫೀಸಿಗೆ ಬಂದಿರಿ, ತಲೆಗೆ ಸ್ಕಾರ್ಫು, ಹಣೆಯಲ್ಲಿ ಎಂದಿನ ವಿಭೂತಿ. ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟೆವು. ಟ್ಯಾಗ್‌ಗಳನ್ನು ಒಂದೇ ರೋಲಿನಿಂದ ಬಿಡಿಸಿ ಬಿಡಿಸಿ ಅಂಟಿಸಿದೆವು, ಹಾಗಾಗಿ ಸಂಖ್ಯೆಗಳು ಒಂದರ ಹಿಂದೊಂದು. ಮಂಜಣ್ಣ ಕ್ಯಾಂಟೀನಿನ ಐಸು ತಂದು ಮೊದಲ ಪೆಟ್ಟಿಗೆಯಿಂದ ಸುರಿಯುತ್ತಾ ಬಂದ. ಮೊದಲಿನದಕ್ಕೆ ಧಾರಾಳ, ಮಧ್ಯದ್ದಕ್ಕೆ ಸ್ವಲ್ಪ, ಕೊನೆಯದಕ್ಕೆ ಬರುವ ಹೊತ್ತಿಗೆ ಐಸೇ ಮುಗಿಯಿತು. “ಇದಕ್ಕೆ ಬರೀ ನೀರೇ ಗತಿ ಮೇಡಂ” ಅಂದ. “ಇರಲಿ ಬಿಡು, ಒಂದಾದ್ರೂ ಬಿಸಿ ಇರಬೇಕಲ್ಲ” ಅಂದಿರಿ ನೀವು. ಸಂಖ್ಯೆ ಏರಿದಂತೆ ಬಿಸಿಯೂ ಏರಿತು. ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿ ಜೋಡಿಸಿದ್ದರೂ ಆ ಕಡೆ ಅವು ಕೂಡಿಕೊಂಡಾಗ ಎಲ್ಲವೂ ತಂತಮ್ಮ ಜಾಗದಲ್ಲೇ ಬಂದು ಕೂತವು. ತಪ್ಪು ಕಾಣುವುದಕ್ಕೆ ದಾರಿಯೇ ಇರಲಿಲ್ಲ.

ಅದಾಗಿ ಹೆಚ್ಚು ದಿನ ನೀವಿರಲಿಲ್ಲ. ನಿಮ್ಮ ಯಜಮಾನರು ಮಹೇಶಣ್ಣ ಫೋನ್ ಮಾಡಿ, ನಿಮ್ಮನ್ನು ದಾವಣಗೆರೆಗೆ ಕರೆದೊಯ್ಯುತ್ತಿದ್ದೇವೆ, ಅಲ್ಲೇ ಸಮಾಧಿ ಮಾಡುತ್ತೇವೆ ಅಂದರು. ಬಸುರಿ ಸಾವಿನ ಮನೆಗೆ ಹೋಗಬಾರದು ಅಂತ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ನಾನು ನಿಮ್ಮ ಮುಖ ನೋಡಲಿಲ್ಲ. ಅದಕ್ಕೇ ಇರಬೇಕು, ಈಗಲೂ ಎಷ್ಟೋ ಸಲ ಕುರ್ಚಿ ತಿರುಗಿಸಿಬಿಡುತ್ತೇನೆ.

ಬಾಣಂತನ ಮುಗಿದರೂ ನಾನಿನ್ನೂ ಲಗ್ಗೆರೆಯಲ್ಲಿ ಅಮ್ಮನ ಮನೆಯಲ್ಲೇ ಇದ್ದೇನೆ. ಆಫೀಸಿಗೆ ವಾಪಸಾದ ತಿಂಗಳಲ್ಲೇ ಮಗುವಿನ ಚುಚ್ಚುಮದ್ದು ಬಂತು. ಅಂಗನವಾಡಿಯ ಮುಂದೆ ಸಾಲು. ಸಿಸ್ಟರ್ ಪೆಟ್ಟಿಗೆ ತೆಗೆದಾಗ ಅದರ ಬದಿಯಲ್ಲಿ ನಮ್ಮದೇ ಟ್ಯಾಗ್ ಕಂಡು ಹೆಮ್ಮೆಯಾಯಿತು. ಟ್ಯಾಗ್ ಸಂಖ್ಯೆಯ ಸಾಲಿನಲ್ಲಿ ಮೂರನೇ ನಂಬರಿನ ಪೆಟ್ಟಿಗೆ. ಮಗು ಕಿರುಚಿತು, ಸುಮ್ಮನಾಯಿತು. ನನ್ನ ಹೆದರಿಕೆ ಮಾತ್ರ ಸುಮ್ಮನಾಗಲಿಲ್ಲ. ಸಿಸ್ಟರ್ ಬಳಸಿದ ಸೀಸೆ ಹಿಂದಿನ ವಾರ ಉಳಿದದ್ದಾದರೆ? ಅದು ಆಗ ಬಿಸಿಯಾಗಿದ್ದರೆ? ಎದುರುಮನೆಯವರು ಹೇಳಿದ ಏನೋ ಒಂದು ಕತೆ, ಪೇಪರಿನಲ್ಲಿ ಓದಿದ ಇನ್ನೊಂದು... ನನ್ನ ತಲೆ ನಿಮಗೆ ಗೊತ್ತಲ್ಲ. ಮುಂದಿನ ಬುಧವಾರ ಊಟ ಬಿಟ್ಟು ಕೂತು, ನಮ್ಮ ಲಗ್ಗೆರೆ ಕೇಂದ್ರದ ಹಳೆಯ ವರದಿಗಳನ್ನು ತೆಗೆದೆ. ಮೂರನೇ ಪೆಟ್ಟಿಗೆ ತಣ್ಣಗಿತ್ತು. ಉಸಿರು ಬಿಟ್ಟೆ. ಅದರ ಹಿಂದಿನ ವಾರವೂ ತಣ್ಣಗಿತ್ತು. ಅದರ ಹಿಂದಿನ ವಾರವೂ. ಆಮೇಲೆ ಕಣ್ಣು ಪಟ್ಟಿಯ ಉದ್ದಕ್ಕೂ ಇಳಿಯಿತು. ಒಂದನೆಯದು ಎಲ್ಲಕ್ಕಿಂತ ತಣ್ಣಗೆ, ಎರಡನೆಯದು ಅದಕ್ಕಿಂತ ಒಂಚೂರು ಬಿಸಿ, ಮೂರನೆಯದು ಇನ್ನೊಂಚೂರು, ಕೊನೆಯದು ಯಾವಾಗಲೂ ಎಲ್ಲಕ್ಕಿಂತ ಬಿಸಿ. ಪ್ರತಿ ಗುರುವಾರ ಹಾಗೆಯೇ. ಬೇರೆ ಕೇಂದ್ರ ತೆಗೆದೆ, ಅಲ್ಲೂ ಹಾಗೆಯೇ. ಮೆಟ್ಟಿಲು ಕಟ್ಟಿಟ್ಟ ಹಾಗೆ. ಬಿಸಿಲು ಯಾವತ್ತಾದರೂ ಪೆಟ್ಟಿಗೆಯ ನಂಬರು ನೋಡಿಕೊಂಡು ಬೀಳುತ್ತದಾ ಶೈಲಕ್ಕಾ?

ಮತ್ತೆ ಅದೇ ಕ್ಯಾಂಟೀನು ಕಣ್ಣಮುಂದೆ ಬಂತು. ಐದು ಕಾಫಿ ಮೂರು ಟೀ ಅನ್ನಬಹುದು. ಆದರೆ ಅದರಲ್ಲಿ ಎರಡಕ್ಕೆ ಸಕ್ಕರೆ ಬೇಡ ಅಂತ ಬೇರೆಯಾಗಿ ಹೇಳಿ ಕಳಿಸಿದರೆ? ಸಕ್ಕರೆ ಇಲ್ಲದ್ದು ಕಾಫಿಯೋ ಟೀಯೋ ಮಂಜಣ್ಣನಿಗೆ ಹೇಗೆ ಗೊತ್ತಾಗಬೇಕು? ಪೆಟ್ಟಿಗೆಗಳ ಕ್ರಮ ಬೇಡ ನಿಜ. ಯಾವ ಪೆಟ್ಟಿಗೆಗೆ ಯಾವ ಬಿಸಿ ಅನ್ನುವ ಜೋಡಿ ಬೇಡವಾ? ನೀವು ಕ್ರಮವನ್ನು ಬಿಡುವಾಗ ಅದರ ಜೊತೆ ಈ ಜೋಡಿಯನ್ನೂ ಬಿಟ್ಟುಬಿಟ್ಟಿದ್ದಿರಿ. ನಮ್ಮ ಕಂಪ್ಯೂಟರು ಅತಿ ಚಿಕ್ಕ ನಂಬರಿಗೆ ಅತಿ ಕಡಿಮೆ ಬಿಸಿಯನ್ನು ಅಂಟಿಸಿ ಉತ್ತರ ಕಳಿಸುತ್ತಾ ಬಂದಿತ್ತು. ತಣ್ಣಗಿದ್ದ ಪೆಟ್ಟಿಗೆಯನ್ನು ಎಸೆಯಲು ಹೇಳಿತ್ತು, ಬಿಸಿಯಾದದ್ದನ್ನು ಫ್ರಿಜ್ಜಿನಲ್ಲಿಡಲು ಹೇಳಿತ್ತು. ಎಷ್ಟು ಪೆಟ್ಟಿಗೆ, ಎಷ್ಟು ಬಿಸಿ, ಒಟ್ಟು ಲೆಕ್ಕ ಎಲ್ಲವೂ ಸರಿ. ಮರುದಿನ ಗುರುವಾರ.

ಪ್ರಕಾಶ್ ಸರ್ ಅವರ ಕ್ಯಾಬಿನ್ನಿಗೆ ನಾನು ನುಗ್ಗಿದಾಗ ಅವರು ಟಿಫಿನ್ ಡಬ್ಬಿ ತೊಳೆಯಲು ಎದ್ದಿದ್ದರು. ಹೇಳಿದೆ. “ನಿದ್ದೆ ಮಾಡಿದ್ಯಾ ಪವಿತ್ರಾ?” ಅಂದರು.

“ನಿದ್ದೆ ವಿಷಯ ಅಲ್ಲ ಸರ್.”

“ಅಲ್ಲಮ್ಮ, ಶೈಲಾ ಮಾಡಿದ ಕೋಡು. ಎಲ್ಲಾ ಟೆಸ್ಟು ಪಾಸಾಗಿದೆ. ಶುಕ್ರವಾರ ಕ್ಲೈಂಟ್ ಕಾಲ್ ಇದೆ, ಅಲ್ಲಿ ಎತ್ತೋಣ. ಪ್ರೂಫ್ ಇಲ್ದೆ ಎಲ್ಲಾ ಸೆಂಟರ್ ನಿಲ್ಲಿಸಿ ಅಂದ್ರೆ ನಾಳೆ ಮಕ್ಕಳನ್ನ ವಾಪಸ್ ಕಳಿಸ್ತಾರೆ. ಅದು ಸರೀನಾ?”

ಅವರ ಮಾತೂ ಸುಳ್ಳಲ್ಲ. ಇಲ್ಲದ ತಪ್ಪಿಗೆ ನೂರಾರು ಮಕ್ಕಳು ಲಸಿಕೆ ಇಲ್ಲದೆ ಮನೆಗೆ ಹೋದರೆ? ನನಗೆ ಎದೆ ಬಿಗಿಯುತ್ತಿತ್ತು, ಮಗುವಿಗೆ ಹಾಲೂಡಿಸುವ ಹೊತ್ತು, ಕುರ್ತಾ ಒದ್ದೆಯಾಗುತ್ತಿತ್ತು. ದುಪಟ್ಟಾ ಎಳೆದುಕೊಂಡು ಅಂದೆ, “ಸಂಜೆಯೊಳಗೆ ಪ್ರೂಫ್ ಕೊಡ್ತೀನಿ ಸರ್. ಕೊಟ್ರೆ ಶುಕ್ರವಾರ ಅನ್ಬಾರ್ದು ನೀವು.”

ಅವರು ಟಿಫಿನ್ ಡಬ್ಬಿ ಹಿಡಿದು ತೊಳೆಯಲು ನಡೆದರು.

ಕ್ಯಾಂಟೀನಿಗೆ ಓಡಿದೆ. “ಮಂಜಣ್ಣ, ಅವತ್ತಿನ ಥರ ಐಸ್ ಬೇಕು. ಈ ಸಲ ಕಡೇ ಪೆಟ್ಟಿಗೆಯಿಂದ ಸುರಿಯೋದು.” ಅವನು, “ಶೈಲಾ ಮೇಡಂ ಹೋದ್ಮೇಲೆ ಈ ಆಟ ಯಾರೂ ಆಡಿರ್ಲಿಲ್ಲ” ಅನ್ನುತ್ತಾ ಬಕೆಟ್ ಎತ್ತಿಕೊಂಡ. ಕೊನೆಯ ಪೆಟ್ಟಿಗೆಗೆ ಧಾರಾಳ ಐಸು. ಮೊದಲನೆಯದಕ್ಕೆ ಟೀ ಫ್ಲಾಸ್ಕಿನ ಬಿಸಿನೀರು. ಟ್ಯಾಗುಗಳು ಬಿಸಿಯನ್ನು ಹಿಡಿದುಕೊಳ್ಳಲಿ ಅಂತ ಕಾದು ಕೂತಾಗ, ಶೈಲಕ್ಕಾ, ನಾನು ಏನು ಬೇಡಿಕೊಳ್ಳುತ್ತಿದ್ದೆ ಗೊತ್ತಾ? ನಾನು ಹೇಳಿದ್ದು ತಪ್ಪಾಗಲಿ ಅಂತ. ನನ್ನ ತಲೆ ಕೆಟ್ಟಿದೆ ಅಂತ ಪ್ರಕಾಶ್ ಸರ್ ನಗಲಿ, ನನ್ನನ್ನು ಮನೆಗೆ ಕಳಿಸಲಿ, ನೀವು ಸರಿಯಾಗಿಯೇ ಇರಿ ಅಂತ.

ವರದಿ ಬಂತು. ಒಂದನೇ ಪೆಟ್ಟಿಗೆ: ನಾಲ್ಕು ಡಿಗ್ರಿ, ಫ್ರಿಜ್ಜಿನಲ್ಲಿಡಬಹುದು. ಪ್ರಕಾಶ್ ಸರ್ ಪರದೆಯನ್ನು ಓದಿ, ಬಗ್ಗಿ, ಒಂದನೇ ಪೆಟ್ಟಿಗೆಯೊಳಗೆ ಕೈಯಿಟ್ಟರು. ಬೆಚ್ಚಗಿನ ನೀರು. ಅವರು ಕೈ ತೆಗೆಯಲೇ ಇಲ್ಲ, ಹಾಗೇ ನಿಂತುಬಿಟ್ಟರು. ಮಂಜಣ್ಣನೇ ಟವೆಲ್ ಕೊಟ್ಟ. ಆಮೇಲೆ ಮೆಲ್ಲಗೆ, “ಎಲ್ಲಾ ಸೆಂಟರಿಗೂ ಮೆಸೇಜ್ ಹಾಕು. ಕ್ಲೈಂಟ್‌ಗೆ ನಾನು ಮಾತಾಡ್ತೀನಿ” ಅಂದರು.

ವಾಪಸ್ ಬಂದ ಯಾವ ಸೀಸೆಯನ್ನೂ ಬಳಸಬೇಡಿ, ಲಸಿಕೆಯ ಸ್ಟೋರಿನಿಂದ ಹೊಸದನ್ನೇ ತನ್ನಿ, ಇಷ್ಟೇ ಮೆಸೇಜು. ಅಷ್ಟಕ್ಕೆ ನಿಲ್ಲಲು ಧೈರ್ಯ ಬರಲಿಲ್ಲ. ಒಂದೊಂದು ಕೇಂದ್ರಕ್ಕೂ ಫೋನ್ ಮಾಡಿದೆ. ಕೆಲವರು ಎತ್ತಲಿಲ್ಲ, ಮತ್ತೆ ಮಾಡಿದೆ. ನಮ್ಮ ಲಗ್ಗೆರೆಯ ಸಿಸ್ಟರ್ ಸಿಡುಕಿದರು, “ಈಗ ಹೇಳ್ತೀರಾ ಮೇಡಂ? ನಾಳೆ ಅಷ್ಟೊಂದು ಮಕ್ಳು ಬರ್ತವೆ, ನಾನೇನ್ ಕೈಯಲ್ಲಿ ಮಾಡ್ಲಾ ಲಸಿಕೆನ?” ಕೊನೆಗೆ ಅವರೇ ಆಟೋ ಮಾಡಿಕೊಂಡು ಹೋಗಿ ಸ್ಟೋರು ಮುಚ್ಚುವ ಮೊದಲು ತಂದರು. ಗುರುವಾರ ಹೇಗೋ ದಾಟಿತು.

ಹಿಂದಿನ ಗುರುವಾರಗಳು? ಜೋಡಿಯನ್ನು ಕಳಿಸಿಯೇ ಇರಲಿಲ್ಲವಲ್ಲ, ಯಾವ ಬಿಸಿ ಯಾವ ಪೆಟ್ಟಿಗೆಯದು ಅಂತ ಈಗ ಯಾವ ಲೆಕ್ಕದಿಂದಲೂ ಹೊರಬರುವುದಿಲ್ಲ. ನನ್ನ ಮಗುವಿಗೆ ಚುಚ್ಚಿದ ಸೀಸೆ ಚೆನ್ನಾಗಿತ್ತೋ, ನೀರಿಗೆ ಸಮವೋ, ನನಗೆ ಇನ್ನೆಂದೂ ತಿಳಿಯುವುದಿಲ್ಲ. ಕೇಂದ್ರದ ಡಾಕ್ಟರು ಅಂದರು, “ಸಂಶಯ ಇದ್ದವರಿಗೆಲ್ಲ ಇನ್ನೊಂದು ಡೋಸು ಕೊಡೋಣ. ಅದರಿಂದ ತೊಂದ್ರೆ ಇಲ್ಲ. ಆದ್ರೆ ಎಲ್ರನ್ನೂ ಕರೆಸ್ಬೇಕು, ಯಾಕೆ ಅಂತ ಹೇಳ್ಬೇಕು.” ಯಾಕೆ ಅಂತ ಹೇಳಬೇಕು. ಅಲ್ಲಿಗೆ ಬಂತು ನೋಡಿ.

ಆರೋಗ್ಯ ಇಲಾಖೆಗೆ ಹೋಗುವ ವರದಿಯನ್ನು ನಾನೇ ಬರೆಯಬೇಕಿತ್ತು. ಪ್ರಕಾಶ್ ಸರ್ ಒಂದು ದಾರಿ ತೋರಿಸಿದರು. ಮೊದಲ ಪುಟದಲ್ಲಿ ಏನೇನು ತಪ್ಪಾಯಿತು ಅಂತ ಬರೆಯುವುದು, ಕೊನೆಯ ಪುಟದಲ್ಲಿ ಕೆಲಸ ಮಾಡಿದವರ ಹೆಸರುಗಳನ್ನು ಅಕ್ಷರದ ಪ್ರಕಾರ ಹಾಕುವುದು. ಯಾರು ಏನು ಮಾಡಿದರು ಅಂತ ಯಾರಿಗೂ ತಿಳಿಯುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು ಪಾಪ, ನಿಮ್ಮ ಮೇಲಿನ ಗೌರವಕ್ಕೆ. ನಾನು ಅವರ ಮುಖ ನೋಡಿದೆ. ಮತ್ತೆ ಜೋಡಿಯಿಲ್ಲದ ಎರಡು ಪಟ್ಟಿ ಅಂತ ಅವರಿಗೇ ಹೊಳೆದಿರಬೇಕು, ತಲೆ ತಗ್ಗಿಸಿದರು.

ಬರೆಯುವ ಮೊದಲು ಮಹೇಶಣ್ಣನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. “ಅವಳ ಹೆಸರು ಹಾಕ್ಲೇಬೇಕೇನಮ್ಮಾ?” ಅಂದರು. “ಕೊನೇ ತಿಂಗಳು ಅವಳು ಊಟ ಬಿಟ್ಟು ಮಾಡಿದ ಕೆಲಸ ಅದು. ಜನ ನಾಳೆ ಶೈಲಾ ಅಂದ್ರೆ ಮಕ್ಕಳಿಗೆ ಕೆಟ್ಟ ಇಂಜೆಕ್ಷನ್ ಕೊಡಿಸಿದವಳು ಅಂತಾರೆ. ಅಷ್ಟೇ ಉಳಿಯೋದು.” ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಯೋಚಿಸಿ ಹೇಳುತ್ತೇನೆ ಅಣ್ಣಾ ಅಂದು ಫೋನ್ ಇಟ್ಟೆ. ವರದಿ ಅರ್ಧಕ್ಕೇ ನಿಂತಿತು.

ನಿನ್ನೆ ಗುರುವಾರ ಮತ್ತೆ ಅಂಗನವಾಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ, ಮಗುವನ್ನು ಸೊಂಟಕ್ಕೇರಿಸಿಕೊಂಡು. ನನ್ನ ಮುಂದಿದ್ದವಳು ಗಾರ್ಮೆಂಟ್ಸಿನ ಐಡಿ ಕಾರ್ಡನ್ನು ಇನ್ನೂ ಕೊರಳಿಂದ ತೆಗೆದಿರಲಿಲ್ಲ. “ಅರ್ಧ ದಿನ ರಜಾ ಹಾಕ್ ಬಂದಿವ್ನಿ. ಒಂದ್ಸಲ ಚುಚ್ಚಿದ್ ಸಾಲ್ದಂತೆ. ಯಾವನೋ ಕಂಪ್ಯೂಟ್ರೋನು ಎಡವಟ್ ಮಾಡವ್ನಂತೆ, ಅವ್ನ್ ಮಕ್ಳಿಗಾಗಿದ್ರೆ ಗೊತ್ತಾಗಿರೋದು” ಅಂದಳು. ಹಿಂದಿನವಳು, “ಅವ್ರ ಮಕ್ಳು ಇಲ್ಲಿಗ್ ಯಾಕ್ ಬರ್ತವೆ, ದೊಡ್ಡಾಸ್ಪತ್ರೆಗೆ ಹೋಗ್ತವೆ” ಅಂದಳು. ಸಾಲಿಗೆ ಸಾಲೇ ಬೈಯಲು ಶುರುಮಾಡಿತು. ಸುಮ್ಮನೆ ನಿಲ್ಲಬಹುದಿತ್ತು. ಬಾಯಿ ತಾನೇ ತೆರೆಯಿತು.

“ನಮ್ಮ ಆಫೀಸಿಂದು ಅದು. ನಮ್ಮ ಶೈಲಕ್ಕ ಅಂತ, ಅವ್ರು ಮಾಡಿದ್ದು. ಅವ್ರು ಈಗಿಲ್ಲ. ಇದು ನನ್ ಮಗು, ಇದಕ್ಕೂ ಅದೇ ಪೆಟ್ಟಿಗೇದು ಕೊಟ್ಟಿದ್ದು.”

ಎಲ್ಲರೂ ತಿರುಗಿದರು. ಮಗುವನ್ನು ಬಿಗಿಯಾಗಿ ಅವಚಿಕೊಂಡೆ. ಗಾರ್ಮೆಂಟ್ಸಿನವಳು ನನ್ನನ್ನೇ ನೋಡುತ್ತಾ, “ಇಲ್ಲ ಅಂದ್ರೆ? ತೀರ್ಕೊಂಬುಟ್ರಾ?” ಅಂದಳು.

“ಹೂಂ.”

“ಅಯ್ಯೋ. ಏನಾಗಿತ್ತಕ್ಕಾ?”

ಕ್ಯಾನ್ಸರು ಅಂದೆ. ಅಲ್ಲಿಂದ ಸಾಲು ಸುತ್ತುವರಿಯಿತು. ವಯಸ್ಸೆಷ್ಟು, ಮಕ್ಕಳಿದ್ದರಾ, ಗಂಡ ಮತ್ತೆ ಮದುವೆಯಾದರಾ, ಕೂದಲು ಪೂರಾ ಉದುರಿತ್ತಾ, ಯಾವ ಆಸ್ಪತ್ರೆ. ನೀವು ಹೋದ ಮೇಲೆ ನಿಮ್ಮ ಬಗ್ಗೆ ಇಷ್ಟು ಹೊತ್ತು ಯಾರ ಜೊತೆಯೂ ನಾನು ಮಾತಾಡಿರಲಿಲ್ಲ. ಸಿಸ್ಟರ್‌ಗಳು ಕಾಯಬಾರದು ಅಂತ ಮಂಚದ ಮೇಲೆ ಕೂತು ಮಾಡಿದಿರಿ ಅಂತ ಹೇಳಿದೆ. “ಕೈಗೆ ಗ್ಲೂಕೋಸ್ ಹಾಕ್ಕೊಂಡಾ? ಮನೇಲ್ ಯಾರೂ ಬ್ಯಾಡ ಅನ್ನಿಲ್ವಾ?” ಅಂತ ಗಾರ್ಮೆಂಟ್ಸಿನವಳು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಸೆರಗು ಕೆಳಗಿಳಿಸಿ, ಅದೇ ಉಸಿರಿನಲ್ಲಿ, “ಆದ್ರೂ ಸರ್ಯಾಗ್ ನೋಡ್ಕೊಂಡ್ ಮಾಡ್ಬೇಕಿತ್ತು ಕಣಕ್ಕಾ, ಮಕ್ಳಿಗೆ ಹಾಕೋದು” ಅಂದಳು.

ಅಷ್ಟರಲ್ಲಿ ನನ್ನ ಸರದಿ ಬಂತು.

ಶೈಲಕ್ಕಾ, ವರದಿ ಮುಗಿಸಿದ್ದೇನೆ. ಟ್ಯಾಗ್ ಜೋಡಿಸುವ ಉಪಾಯದ ಪಕ್ಕ ನಿಮ್ಮ ಹೆಸರಿದೆ, ಅದು ಈಗಲೂ ಓಡುತ್ತಿದೆ. ಬಿಸಿ ಅಂಕಿಗಳನ್ನು ಬೇರೆ ಮಾಡಿದ ಸಾಲಿನ ಪಕ್ಕವೂ ನಿಮ್ಮ ಹೆಸರಿದೆ. ಅದನ್ನು ತೆಗೆದು ಹಾಕಿದ ಸಾಲಿನ ಪಕ್ಕ ನನ್ನದು. ಮೆಸೇಜು ಮತ್ತೆ ಎರಡಾಗಿದೆ, ಸಿಸ್ಟರ್‌ಗಳು ಕಾಯುತ್ತಿದ್ದಾರೆ, ಬೈಯುತ್ತಲೂ ಇದ್ದಾರೆ. ಒಂದಕ್ಕೇ ಹಿಡಿಸುವ ದಾರಿ ನನಗಿನ್ನೂ ಹೊಳೆದಿಲ್ಲ. ಭಾನುವಾರ ಜಾಲಹಳ್ಳಿಗೆ, ನಿಮ್ಮ ಮನೆಗೆ ಹೋಗುತ್ತೇನೆ, ಮಗುವನ್ನೂ ಎತ್ತಿಕೊಂಡು. ಮಹೇಶಣ್ಣ ಬಾಗಿಲು ತೆರೆದರೆ, ಆ ಗಾರ್ಮೆಂಟ್ಸಿನವಳು ಅತ್ತದ್ದನ್ನು ಹೇಳುತ್ತೇನೆ, ಅತ್ತು ಅವಳು ಅಂದದ್ದನ್ನೂ ಹೇಳುತ್ತೇನೆ. ಎರಡರಲ್ಲಿ ಒಂದನ್ನೇ ಹೇಳಿ ಬರುವುದಿಲ್ಲ.

ನಿಮ್ಮ
ಪವಿತ್ರಾ